ನಿಮಗಿದು ಗೊತ್ತೆ? ಹೊಲವೇ ಬಿಡಾರ, ಕಂಬಳಿಯೇ ಕೊಡೆ

ಹಿಂಗಾರಿ ಜೋಳದ ರಾಶಿ ಮುಗಿಯುತ್ತಲೇ ಭೀಮಾ ತೀರದ ಇಂಡಿ, ಸಿಂದಗಿ, ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರೆಹೊಲಗಳಲ್ಲಿ ಕುರಿಗಾಹಿಗಳ ಬಿಡಾರಗಳು ಏಳುತ್ತವೆ. ರಾತ್ರಿ ಬಲೆ ಕಟ್ಟಿ ಕುರಿಗಳನ್ನು ಹೊಲದಲ್ಲೇ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಳ ಮಣ್ಣಿಗೆ ಗೊಬ್ಬರ. ಪ್ರತಿಯಾಗಿ ರೈತರು ಕಾಳು ಇಲ್ಲವೇ ಹಣ ಕೊಡುತ್ತಾರೆ.

ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು, ಆಲಿಕಲ್ಲಿನೊಂದಿಗೆ ಅಡ್ಡಮಳೆ ಬಂದರೆ?

ಕರಿ ಕಂಬಳಿಯ ಕೊಪ್ಪೆಯೇ ಆಸರೆ. ದಖನಿ ತಳಿಯ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಈ ಕಂಬಳಿ ತುಂತುರು ಹನಿಯನ್ನು ಬೇಗ ಒಳಬಿಡದು. ತೊಯ್ದರೂ ಮೈ ಬೆಚ್ಚಗಿಡುತ್ತದೆ.

ಹೀಗೆ ಹೊಲದಿಂದ ಹೊಲಕ್ಕೆ ಸಾಗುವವರಿಗೆ ಹಿಂಡು ನಡೆಸುವ ದಾರಿಯೂ ಬೇಕು. ಕುರಿಗಾರರ ನಾಡಾದ ಸ್ಪೇನ್‌ನಲ್ಲಿ ಹಿಂಡುಗಳು ಸಾಗುವ ಹಳೆಯ ದಾರಿಗಳನ್ನು 1995ರ ಕಾನೂನು ಸಾರ್ವಜನಿಕ ಆಸ್ತಿಯಾಗಿ ಕಾಯುತ್ತಿದೆ. ನಮ್ಮ ಕುರಿಗಾಹಿಗಳ ದಾರಿಗಳಿಗೂ ಅಂಥ ರಕ್ಷಣೆ ಸಿಗಬೇಕು.