ನೌಕಾಧಿಕಾರಿಗೆ ಖರೀದಿಯ ಹೊಣೆ ಏಕೆ?

ಪ್ರಶ್ನೆ: ಕಡಲಲ್ಲಿ ದುಡಿದ ಅಧಿಕಾರಿಯನ್ನು ದೇಶದ ರಕ್ಷಣಾ ಖರೀದಿಗೆ ಮುಖ್ಯಸ್ಥರನ್ನಾಗಿ ಮಾಡುವುದೇಕೆ?

ಉತ್ತರ: ಬ್ರಿಟನ್ನಿನ ವೈಸ್ ಅಡ್ಮಿರಲ್ ಸರ್ ರಾಬರ್ಟ್ ವಾಮ್ಸ್ಲಿ ಒಳ್ಳೆಯ ಉದಾಹರಣೆ. ಜಲಾಂತರ್ಗಾಮಿಗಳಲ್ಲಿ ಪಳಗಿದ ಎಂಜಿನಿಯರ್ ಅವರು. 1994ರಲ್ಲಿ ನೌಕಾಪಡೆಗೆ ಹಡಗು, ಸಲಕರಣೆ ಒದಗಿಸುವ ಕಂಟ್ರೋಲರ್ ಆದರು. 1996ರಿಂದ 2003ರವರೆಗೆ ಮೂರೂ ಪಡೆಗಳ ಖರೀದಿ ಮುಖ್ಯಸ್ಥರು.

ಪಂಪ್‌ಸೆಟ್ ಕೊಳ್ಳುವ ಅನುಭವಿ ರೈತ ಬೆಲೆಗಿಂತ ಮೊದಲು ಬಿಡಿಭಾಗ ಸಿಗುತ್ತದೆಯೇ, ಕೆಟ್ಟರೆ ಯಾರು ಬರುತ್ತಾರೆ ಎಂದು ವಿಚಾರಿಸುತ್ತಾನೆ. ಇಲ್ಲಿಯೂ ಅಷ್ಟೆ. ಜಲಾಂತರ್ಗಾಮಿ ಸುಮಾರು 25 ವರ್ಷ ಬಾಳಬೇಕು. ನೀರಿನಾಳದಲ್ಲಿ ವಾಲ್ವ್ ಕೈಕೊಟ್ಟರೆ ಒಳಗಿದ್ದವರೇ ರಿಪೇರಿ ಮಾಡಬೇಕು. ಆ ಕಷ್ಟ ಕಂಡವರಿಗೆ ಟೆಂಡರಿನಲ್ಲಿ ಏನು ಕೇಳಬೇಕೆಂಬುದು ಗೊತ್ತಿರುತ್ತದೆ.

ಆದರೆ ಅನುಭವವೊಂದೇ ಸಾಲದು. ವಾಮ್ಸ್ಲಿ ಅವರ ಅವಧಿಯಲ್ಲೇ, 1997ರಲ್ಲಿ ಒಪ್ಪಂದವಾದ ಬ್ರಿಟನ್ನಿನ ಆಸ್ಟ್ಯೂಟ್ ಜಲಾಂತರ್ಗಾಮಿಗಳು ತಡವಾದವು, ದುಬಾರಿಯೂ ಆದವು. ಹೊಸ ಕೆಲಸವಿಲ್ಲದ ವರ್ಷಗಳಲ್ಲಿ ನುರಿತ ಕೆಲಸಗಾರರು ಹಡಗುಕಟ್ಟೆ ಬಿಟ್ಟು ಹೋಗಿದ್ದರು.