ಏಳು ಸಾವಿರ ರೂಪಾಯಿಯ ನ್ಯಾಯ

ಪ್ರತಿಯೊಬ್ಬರಿಗೂ ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯವೆಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಆದರೆ ಸಲ್ಲಿಸಬೇಕಾದ ಧಣಿಗೇ ಆ ಸಂಕಲ್ಪವಿಲ್ಲದಿದ್ದರೆ? ಆಗ ಸರಕಾರವು ನಡುವೆ ಬರಬೇಕಾಗುತ್ತದೆ. ಸ್ತ್ರೀಪುರುಷರ ಸಂಬಳದ ವಿಷಯದಲ್ಲಿ ನಮ್ಮ ದೇಶದ ಸರಕಾರವು 1976ರ ಸಮಾನ ವೇತನ ಕಾಯಿದೆಯ ಮೂಲಕ ಹಾಗೆ ಬಂದಿತು. ದೂರು ಆಲಿಸಲು ಅಧಿಕಾರಿಯನ್ನೂ ಸಂಬಳದ ಪುಸ್ತಕಗಳನ್ನು ತೆರೆಸಿ ನೋಡಲು ಇನ್‌ಸ್ಪೆಕ್ಟರನ್ನೂ ಅದು ಗೊತ್ತುಮಾಡಿತು.

ಈ ಏರ್ಪಾಡು ಎಷ್ಟು ಗಟ್ಟಿಯೆಂಬುದನ್ನು ಮುಂಬಯಿಯ ಒಂದು ಮೊಕದ್ದಮೆ ತೋರಿಸಿಕೊಟ್ಟಿತು. ಮೆಕಿನ್ನನ್ ಮೆಕೆಂಜಿ ಕಂಪೆನಿಯಲ್ಲಿ ಸ್ಟೆನೊಗ್ರಾಫರ್ ಆಗಿದ್ದ ಆಡ್ರಿ ಡಿಕೋಸ್ಟ ಎಂಬ ಮಹಿಳೆಗೆ 1977ರ ಜೂನ್ ತಿಂಗಳಲ್ಲಿ ಕೆಲಸ ಹೋಯಿತು. ಅದೇ ಕೆಲಸ ಮಾಡುವ ಗಂಡಸರಿಗಿಂತ ತನಗೆ ಕಡಿಮೆ ಸಂಬಳ ಕೊಡಲಾಗಿದೆಯೆಂದು ಆಕೆ ದೂರಿತ್ತರು. ಮೊದಲ ಅಧಿಕಾರಿ ಅದನ್ನು ತಳ್ಳಿಹಾಕಿದರು. ಮೇಲ್ಮನವಿಯನ್ನು ಕೇಳಿದ ಕಾರ್ಮಿಕ ಇಲಾಖೆಯ ಅಧಿಕಾರಿ ಮಾತ್ರ ಬಾಕಿಯನ್ನು ಲೆಕ್ಕಹಾಕಿ, 7,196 ರೂಪಾಯಿ ಚಿಲ್ಲರೆ ಕೊಡಬೇಕೆಂದು ಆಜ್ಞಾಪಿಸಿದರು. ಇಷ್ಟು ಹಣಕ್ಕಾಗಿ ಕಂಪೆನಿಯು ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು! ಮಹಿಳೆಯರು ಹಿರಿಯ ಅಧಿಕಾರಿಗಳ ಗುಪ್ತ ಸ್ಟೆನೊಗ್ರಾಫರ್‌ಗಳು, ಅವರದು ಬೇರೆಯೇ ವರ್ಗ. ಕಾರ್ಮಿಕ ಸಂಘದೊಡನೆ ಒಪ್ಪಂದವಾಗಿದೆ. ಹೆಚ್ಚು ಕೊಡಲು ಹಣವಿಲ್ಲ ಎಂಬುದು ಅದರ ವಾದ. ಆ ಹುದ್ದೆಗಳಲ್ಲಿ ಹೆಂಗಸರೇ ಇರುವಂತೆ ನೋಡಿಕೊಂಡು, ಬಳಿಕ ಅದನ್ನೇ ಬೇರೆ ವರ್ಗವೆನ್ನುವುದು ತರ್ಕಶಾಸ್ತ್ರದ ಮೊದಲ ಪಾಠ ಕಲಿತವನಿಗೂ ಒಪ್ಪಿಗೆಯಾಗದು. ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು 1987ರಲ್ಲಿ ಬರೆದ ತೀರ್ಪು ಈ ಮೂರನ್ನೂ ತಳ್ಳಿಹಾಕಿತು. ಸಮಾನ ವೇತನ ಕೊಡುವ ಹೊಣೆಗೆ ಮಾಲೀಕನ ಹಣಕಾಸಿನ ಸ್ಥಿತಿ ನೆಪವಾಗಲಾರದು.

ತೀರ್ಪು ಉತ್ತಮವಾದದ್ದೇ. ಆದರೆ ಕೆಲಸ ಕಳೆದುಕೊಂಡ ಒಬ್ಬ ಮಹಿಳೆ ಅದಕ್ಕಾಗಿ ಸುಮಾರು ಹತ್ತು ವರ್ಷ ಕಾದರೆಂಬುದನ್ನು ಮರೆಯಲಾಗದು. ಕೆಲಸದಲ್ಲಿರುವಾಗಲೇ ದೂರಿಡಲು ಎಷ್ಟು ಮಂದಿಗೆ ಧೈರ್ಯವಿದ್ದೀತು? ಆದುದರಿಂದಲೇ, ಯಾರೂ ಕರೆಯದಿದ್ದರೂ ಬಂದು ಪುಸ್ತಕ ತೆರೆಸುವ ಇನ್‌ಸ್ಪೆಕ್ಟರನೇ ಈ ಕಾನೂನಿನ ಜೀವಾಳವೆಂದು ನನ್ನ ಭಾವನೆ.

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಭೇದಭಾವದ ನಿಷೇಧ ಅದರಲ್ಲಿಯೂ ಇದೆ. ಇನ್‌ಸ್ಪೆಕ್ಟರನಾದರೋ ಈಗ ಮಾಲೀಕರಿಗೆ ಸಲಹೆಯನ್ನೂ ಕೊಡುವವನಾಗಿದ್ದಾನೆ. ಮೊದಲ ತಪ್ಪಿಗೆ ಮೊಕದ್ದಮೆ ಹೂಡುವ ಮುನ್ನ ತಿದ್ದಿಕೊಳ್ಳಲು ಅವಕಾಶ ಕೊಡತಕ್ಕದ್ದು. ಅರಿಯದೆ ತಪ್ಪಿದವರಿಗೆ ಇದು ಸರಿಯೆ. ಅರಿತೂ ತಪ್ಪುವವರ ವಿಷಯದಲ್ಲಿ ನನಗೆ ಅಷ್ಟು ಭರವಸೆಯಿಲ್ಲ. ಮಾಲೀಕರು ವೇತನ ಚೀಟಿ ಕೊಡಲೇಬೇಕೆಂದೂ ಅದೇ ಸಂಹಿತೆ ವಿಧಿಸುತ್ತದೆ. ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ ದುಡಿಯುವ ನಮ್ಮ ಮನೆಗಳ ಹೆಣ್ಣುಮಕ್ಕಳು ಅದನ್ನು ಕೇಳಿ ಪಡೆದು, ತಿಂಗಳು ತಿಂಗಳೂ ಜೋಪಾನವಾಗಿ ತೆಗೆದಿರಿಸಲಿ.