ಮೈಕ್ ಕೊಳ್ಳುವ ಮುನ್ನ ಕೋಣೆ ಕೇಳಿ

ನೀವೀಗ ಕೂತಿರುವ ಕೋಣೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಐದಾರು ಅಡಿ ದೂರದಲ್ಲಿ ಮನೆಯವರನ್ನು ಯಾರನ್ನಾದರೂ ಕೂರಿಸಿ ಮಾತಾಡಲು ಹೇಳಿ. ಸ್ವಲ್ಪ ಹೊತ್ತು ಎರಡೂ ಕಿವಿಯಿಂದ ಕೇಳಿ. ಆಮೇಲೆ ಒಂದು ಕಿವಿಗೆ ಬೆರಳಿಟ್ಟು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಅವರ ದನಿ ತುಸು ಹಿಂದಕ್ಕೆ ಸರಿದು, ಗೋಡೆಗಳ ಗುಂಯ್‌ಗುಡುವಿಕೆ ಮುಂದಕ್ಕೆ ಬಂದಂತೆ ಕೇಳಿಸುತ್ತದೆ. ಆ ಗುಂಯ್ ಮೊದಲೂ ಇತ್ತು. ಎರಡು ಕಿವಿಗಳಿಗೆ ಬಿದ್ದದ್ದನ್ನು ತಾಳೆ ನೋಡಿ, ಬಾಯಿಂದ ನೇರವಾಗಿ ಬಂದದ್ದು ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಎಂದು ಮಿದುಳು ವಿಂಗಡಿಸುತ್ತಿರುತ್ತದೆ; ಬಡಿದು ಬಂದದ್ದನ್ನು ನಮ್ಮ ಗಮನಕ್ಕೆ ಬಾರದಷ್ಟು ತಗ್ಗಿಸುತ್ತದೆ. ಮೈಕಿಗೆ ಈ ಸೌಕರ್ಯ ಇಲ್ಲ. ಅದರ ಮುಂದೆ ಬಂದ ಸದ್ದೆಲ್ಲ ಅದಕ್ಕೆ ಒಂದೇ. ನಮ್ಮ ಮನೆಯ ಹಾಲ್‌ನಲ್ಲಿ ಕೂತು ಕೇಳುವಾಗ ಅಷ್ಟು ಚೆನ್ನಾಗಿದ್ದ ಹಾಡು ರೆಕಾರ್ಡಿಂಗ್‌ನಲ್ಲಿ ಬಾವಿಯೊಳಗಿಂದ ಬಂದಂತೆ ಕೇಳುವುದು ಇದೇ ಕಾರಣಕ್ಕೆ.

ಮೈಸೂರಿನಲ್ಲಿ ನಾನು ವೀಣೆ ಮತ್ತು ಹಾಡುಗಾರಿಕೆ ಕಲಿಸುತ್ತೇನೆ. ಸ್ಪರ್ಧೆಗೆಂದೋ, ಪಾಠ ಒಪ್ಪಿಸಲೆಂದೋ, ಊರಲ್ಲಿರುವ ಅಜ್ಜಿಗೆ ಕೇಳಿಸಲೆಂದೋ ಮಕ್ಕಳು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದು ಈಗ ಮಾಮೂಲು. ತಂದೆತಾಯಿ ಮೊದಲು ಕೇಳುವ ಪ್ರಶ್ನೆಯೂ ಮಾಮೂಲು: “ಮೇಡಂ, ಯಾವ ಮೈಕ್ ತಗೊಳ್ಳೋದು?” ನಾನು ತಿರುಗಿ ಕೇಳುತ್ತೇನೆ: “ಯಾವ ಕೋಣೇಲಿ ಕೂರಿಸ್ತೀರಿ? ಎಷ್ಟು ದೂರ ಇಡ್ತೀರಿ?” ಐದು ಸಾವಿರದ ಮೈಕಿಗೂ ಐವತ್ತು ಸಾವಿರದ ಮೈಕಿಗೂ ವ್ಯತ್ಯಾಸ ಖಂಡಿತ ಇದೆ. ಆದರೆ ಇರುವ ಮೈಕನ್ನೇ ಮೂರಡಿ ಮುಂದಕ್ಕೆ ತಂದಾಗ ಕೇಳಿಸುವ ವ್ಯತ್ಯಾಸದ ಎದುರು ಅದು ಏನೇನೂ ಅಲ್ಲ.

ಏಕೆಂದರೆ ಕೊರಳಿಂದ ಹೊರಟ ಸದ್ದು ಹೋಗುತ್ತಾ ಹೋಗುತ್ತಾ ಹರಡಿ ತೆಳ್ಳಗಾಗುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಗೋಡೆ, ಸೂರು, ನೆಲಗಳ ನಡುವೆ ಮತ್ತೆ ಮತ್ತೆ ಪುಟಿದ ಸದ್ದು ಹಾಗಲ್ಲ. ಅದು ಕೋಣೆಯ ತುಂಬ ಹೆಚ್ಚುಕಮ್ಮಿ ಒಂದೇ ಸಮ ತುಂಬಿಕೊಂಡಿರುತ್ತದೆ. ಹಾಡುವವರಿಂದ ದೂರ ಸರಿಯುತ್ತಾ ಹೋದರೆ ಒಂದು ಜಾಗದಲ್ಲಿ ಎರಡೂ ಸಮಸಮ ಆಗುತ್ತವೆ. ಅದರಾಚೆಗೆ ಮೈಕ್ ಇಟ್ಟರೆ ದಾಖಲಾಗುವುದರಲ್ಲಿ ಕೋಣೆಯದೇ ಮೇಲುಗೈ, ಹಾಡು ಅದರೊಳಗೆ ಎಲ್ಲೋ ಇರುತ್ತದೆ.

ಆ ಗಡಿ ಎಷ್ಟು ಹತ್ತಿರದಲ್ಲಿದೆ ಎಂದು ಲೆಕ್ಕ ಹಾಕಿ ನೋಡಿದವರಿಗೆ ಆಶ್ಚರ್ಯ ಆಗದೆ ಇರದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಒಂದು ಆರ್‌ಸಿಸಿ ಕೋಣೆ ತೆಗೆದುಕೊಳ್ಳಿ. ಸಿಮೆಂಟ್ ಗಾರೆಯ ಗೋಡೆ, ನುಣುಪು ಟೈಲ್ಸ್ ನೆಲ, ಒಳಗೆ ಏನೂ ಇಲ್ಲ. ಅಲ್ಲಿ ಆ ಗಡಿ ಸುಮಾರು ಹತ್ತು ಇಂಚು, ಅಂದರೆ ಒಂದು ಗೇಣು. ಅದೇ ಕೋಣೆಗೆ ಮಂಚ, ಹತ್ತಿ ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿ ಬಾಗಿಲು ತೆರೆದಿಟ್ಟ ಬೀರು ಬಂದರೆ ಗಡಿ ಒಂದೂವರೆ ಅಡಿಗೆ ಸರಿಯುತ್ತದೆ, ಅಂದರೆ ಒಂದು ಮೊಳ. ನಾನು ಶಿಷ್ಯರಿಗೆ ಟೇಪು ಹಿಡಿದು ಅಳೆಯಲು ಹೇಳುವುದಿಲ್ಲ. ಖಾಲಿ ಕೋಣೆಗೆ ಗೇಣು, ತುಂಬಿದ ಕೋಣೆಗೆ ಮೊಳ. ಕೈ ಚಾಚಿದರೆ ಅಳತೆ ಸಿಕ್ಕಿತು. ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುವ ಮೊಬೈಲಿನ ಮೈಕಿಗೆ ಈ ಲೆಕ್ಕ. ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಕಾರ್ಡಿಯಾಯ್ಡ್ ಮೈಕ್ ಇದ್ದರೆ ಒಂದೂಮುಕ್ಕಾಲು ಪಟ್ಟಿನಷ್ಟು ದೂರ ಹೋಗಬಹುದು. ಟಿವಿ ಸ್ಟ್ಯಾಂಡಿಗೆ ಮೊಬೈಲ್ ಒರಗಿಸಿ, ಎಂಟಡಿ ಆಚೆಯ ಸೋಫಾದಲ್ಲಿ ಮಗುವನ್ನು ಕೂರಿಸುವವರು ಎಷ್ಟು ದೂರದಲ್ಲಿದ್ದಾರೆ ಎಂದು ಇದರಿಂದ ಊಹಿಸಿಕೊಳ್ಳಿ.

ಕೋಣೆಯ ಈ ಗುಣವನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಬೀನ್. 1895ರಲ್ಲಿ ಅಲ್ಲಿನ ಹೊಸ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಅಲ್ಲೇ ಸುಳಿಯುತ್ತಿತ್ತು. ಸರಿಪಡಿಸುವ ಕೆಲಸ ಯುವ ಭೌತಶಾಸ್ತ್ರಜ್ಞ ಸಬೀನ್‌ಗೆ ಬಂತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು ಹಾಸುತ್ತಾ, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಸದ್ದು ಆರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದರು. ಮೆತ್ತೆ ಹೆಚ್ಚಿದಂತೆ ಸದ್ದು ಬೇಗ ಆರಿತು. ಸದ್ದು ಆರುವ ಹೊತ್ತಿಗೂ, ಕೋಣೆಯ ಗಾತ್ರ ಮತ್ತು ಅದರೊಳಗಿನ ಮೆತ್ತನೆಯ ವಸ್ತುಗಳಿಗೂ ಸರಳ ಸಂಬಂಧ ಇದೆ ಎಂದು ತೋರಿಸಿದ ಆ ಸೂತ್ರದ ಮೇಲೆಯೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು. ನಾನು ಮೇಲೆ ಕೊಟ್ಟ ಗೇಣು-ಮೊಳದ ಲೆಕ್ಕವೂ ಅದೇ ಸೂತ್ರದಿಂದ ಬಂದದ್ದು.

ಸಬೀನ್‌ಗೆ ಮೆತ್ತೆ ಮಾಡಿದ ಕೆಲಸವನ್ನು ನಮಗೆ ಹಾಸಿಗೆ ಮಾಡುತ್ತದೆ. ಮನೆಯಲ್ಲಿ ಹಾಡಲು ಅತ್ಯುತ್ತಮ ಜಾಗ ಮಲಗುವ ಕೋಣೆ. ಹಾಲ್ ಅಲ್ಲ, ದೇವರ ಮನೆ ಮೊದಲೇ ಅಲ್ಲ. ದಪ್ಪ ಮುಖ್ಯ. 3000 ಹರ್ಟ್ಸ್‌ನ ಸಿಳ್ಳಿನಂಥ ಸದ್ದಿನ ಅಲೆಯ ಉದ್ದ ನಾಲ್ಕೂವರೆ ಇಂಚು, ತೆಳು ಪರದೆಯೂ ಅದನ್ನು ಹಿಡಿದೀತು. 100 ಹರ್ಟ್ಸ್‌ನ ಮಂದ್ರದ ಅಲೆ ಹನ್ನೊಂದು ಅಡಿ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಫೋಮು ಅದನ್ನು ಮುಟ್ಟುವುದೂ ಇಲ್ಲ. ಗೋಡೆ ತುಂಬ ಅಂಥ ಫೋಮು ಅಂಟಿಸಿದ ಕೋಣೆಯಲ್ಲಿ ಮೇಲಿನ ಹೊಳಪು ಸತ್ತು, ಕೆಳಗಿನ ಗುಡುಗು ಹಾಗೇ ಉಳಿಯುತ್ತದೆ. ಮೊಟ್ಟೆ ಟ್ರೇಗಳಂತೂ ಬೇಡವೇ ಬೇಡ. ಅವು ಬರಿಯ ಕಾಗದ. ಸದ್ದಿಗೆ ಉಪಯೋಗ ಇಲ್ಲ, ಬೆಂಕಿಗೆ ಬೇಗ ಸಿಗುತ್ತವೆ. ಅದರ ಬದಲು ಉತ್ತರ ಕರ್ನಾಟಕದ ಒಂದು ಕೌದಿ ತನ್ನಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಆ ಭಾರದ ಹೊದಿಕೆಯನ್ನು ಗೋಡೆಗೆ ಅಂಟಿಸದೆ, ನಾಲ್ಕೈದು ಇಂಚು ಮುಂದೆ ಹಗ್ಗಕ್ಕೆ ಇಳಿಬಿಡಿ. ಹಿಂದಿನ ಗಾಳಿಯ ಜಾಗ ಅದರ ಶಕ್ತಿಯನ್ನು ಹೆಚ್ಚಿಸುತ್ತದೆ.

ಕೌದಿ ಎಲ್ಲಿ ಕಟ್ಟಬೇಕು ಎಂದರೆ ಹತ್ತರಲ್ಲಿ ಒಂಬತ್ತು ಜನ ಮೈಕಿನ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ ಮೈಕಿಗೆ ಹಿಂದೆ ಕಿವಿಯೇ ಇಲ್ಲ. ಅದು ನೋಡುತ್ತಿರುವುದು ಹಾಡುವವರ ಮುಖವನ್ನು, ಮುಖದ ಆಚೆಗಿರುವ ಗೋಡೆಯನ್ನು. ಆದ್ದರಿಂದ ಕೌದಿ ಇರಬೇಕಾದ್ದು ಹಾಡುವವರ ಬೆನ್ನ ಹಿಂದೆ. ಇದೊಂದನ್ನು ಬದಲಿಸಿದರೆ ಸಾಕು, ಕೂಡಲೇ ಕಿವಿಗೆ ಗೊತ್ತಾಗುತ್ತದೆ.

ಕೂರುವ ಜಾಗಕ್ಕೂ ಲೆಕ್ಕ ಇದೆ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಇರುವ ಕೋಣೆಯಲ್ಲಿ ಸುಮಾರು 56 ಹರ್ಟ್ಸ್ ಮತ್ತು ಅದರ ಇಮ್ಮಡಿ 113 ಹರ್ಟ್ಸ್ ಮೂರು ದಿಕ್ಕಿನಲ್ಲೂ ಒಟ್ಟಿಗೆ ಉಬ್ಬುತ್ತವೆ. ಒಂದು ಮನೆ ಶ್ರುತಿಗೆ ಹಾಡುವ ಗಂಡಸರಿಗೆ ಅದು ಮಂದ್ರ ಧೈವತದ ಆಸುಪಾಸು. ಉಳಿದ ಸ್ವರಗಳು ಸರಿಯಾಗಿದ್ದು ಅದೊಂದು ಮಾತ್ರ ಎದ್ದು ಬರುತ್ತಿದ್ದರೆ ಹಾಡುವವರನ್ನು ತಿದ್ದಬೇಡಿ, ಜಾಗ ಬದಲಿಸಿ. ಮೂಲೆ ಬೇಡ, ನಟ್ಟನಡುವೆಯೂ ಬೇಡ; ಗೋಡೆಯಿಂದ ಕೋಣೆಯ ಮೂರನೇ ಒಂದು ಪಾಲಿನಷ್ಟು ಒಳಗೆ ಕೂರಿಸಿ.

ಹಾಗಾದರೆ ಬಾಯಿಗೆ ತಾಗಿಸಿಯೇ ಇಟ್ಟುಬಿಡೋಣ ಎನ್ನುವುದೂ ಸರಿಯಲ್ಲ. ಮೂರು ಇಂಚಿನಲ್ಲಿ ಹಾಡುವವರು ತಾರಸ್ಥಾಯಿಗೆ ಹೋಗುವಾಗ ಮೂರಿಂಚು ಹಿಂದೆ ವಾಲಿದರೆ ಸದ್ದು 6 ಡೆಸಿಬಲ್ ಕುಸಿಯುತ್ತದೆ. ಗೇಣು ದೂರದಲ್ಲಿದ್ದು ಅಷ್ಟೇ ವಾಲಿದರೆ ಇಳಿಯುವುದು ಎರಡೂವರೆ ಡೆಸಿಬಲ್ ಮಾತ್ರ. ನಮ್ಮ ಸಂಗೀತ ತಲೆ ಅಲ್ಲಾಡಿಸದೆ ಹಾಡುವ ಸಂಗೀತವಲ್ಲ. ಅಲ್ಲದೆ ಕಾರ್ಡಿಯಾಯ್ಡ್ ಮೈಕು ತೀರ ಹತ್ತಿರ ಬಂದ ದನಿಯ ಕೆಳ ಸ್ಥಾಯಿಯನ್ನು ಉಬ್ಬಿಸುತ್ತದೆ. ಹುಡುಗಿಯ ತಿಳಿ ಕೊರಳೂ ಮಬ್ಬಾಗುತ್ತದೆ. ‘ಪ’, ‘ಭ’ಗಳ ಉಸಿರು ಬಡಿದು ಬರುವ ಧಡ್ ಎನ್ನುವ ಸದ್ದು ಬೇರೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಹುಬ್ಬಿನ ಮಟ್ಟಕ್ಕೆ ಏರಿಸಿ ಸ್ವಲ್ಪ ಕೆಳಮುಖ ಮಾಡಿದರೆ ಉಸಿರು ಅದರಡಿಯಲ್ಲಿ ಹಾದು ಹೋಗುತ್ತದೆ.

ಹತ್ತಿರ ಹಾಡದೆ ಗತ್ಯಂತರವೇ ಇಲ್ಲದ ಕಾಲ ಒಂದಿತ್ತು. 1902ರಲ್ಲಿ ಕಲ್ಕತ್ತದ ಹೋಟೆಲ್ ಕೋಣೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರನ್ನು ಮುದ್ರಿಸಿಕೊಂಡಾಗ ಇದ್ದದ್ದು ಮೈಕ್ ಅಲ್ಲ, ಲೋಹದ ಕಹಳೆ. ಸೂಜಿಯನ್ನು ಅಲ್ಲಾಡಿಸಲು ಹಾಡುವವರ ಕೊರಳಿನ ಕಸುವೇ ಸಾಲಬೇಕಿತ್ತು. ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಿದ ಆ ತಟ್ಟೆಗಳಲ್ಲಿ ಕೋಣೆ ಕೇಳಿಸುವುದೇ ಇಲ್ಲ. ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ನಮ್ಮ ಊರಿನಲ್ಲೇ ತೀರಿಕೊಂಡ ಆ ಮಹಾಗಾಯಕಿಯ ಮೆಲುದನಿ ಹೇಗಿತ್ತೋ, ಆ ಕಹಳೆಗೆ ಅದು ದಕ್ಕಲಿಲ್ಲ. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬಂದ ಮೇಲೆ ದೂರ ಎನ್ನುವುದು ಕಲಾವಿದರ ಆಯ್ಕೆಯಾಯಿತು. ಅದನ್ನು ಹೇಗೆಲ್ಲ ಬಳಸಬಹುದು ಎಂಬುದಕ್ಕೆ 1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೊದಲ್ಲಿ ಡೇವಿಡ್ ಬೋವಿ ಹಾಡಿದ ‘ಹೀರೋಸ್’ ಕೇಳಬೇಕು. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟರು: ಒಂದು ಒಂಬತ್ತು ಇಂಚಿನಲ್ಲಿ, ಒಂದು ಇಪ್ಪತ್ತು ಅಡಿಯಲ್ಲಿ, ಮತ್ತೊಂದು ಐವತ್ತು ಅಡಿಯಲ್ಲಿ. ದನಿ ಏರಿದಾಗ ಮಾತ್ರ ದೂರದವು ತೆರೆದುಕೊಳ್ಳುವಂತೆ ಮಾಡಿದ್ದರು. ಮೊದಲ ಸಾಲುಗಳು ಕಿವಿಯ ಬಳಿ ಇವೆ, ಕೊನೆಯವು ಇಡೀ ಸಭಾಂಗಣವನ್ನು ತುಂಬುತ್ತವೆ. ಅಂಥ ಸಭಾಂಗಣ ಇದ್ದರೆ ದೂರವೂ ಸೊಗಸು. ಹತ್ತಡಿಯ ಕೋಣೆಯ ಗುಂಯ್‌ಗೆ ಆ ಸೊಗಸಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ವೀಣೆ. ಮೈಕಿಗೆ ಎಲ್ಲಕ್ಕಿಂತ ಕಷ್ಟದ್ದೂ ಅದೇ. ಒಂದು ಮೀಟು ಹಾಕಿ ಸಾರಣಿ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರ ತೆಗೆಯುತ್ತೇವಲ್ಲ, ಅದರಲ್ಲಿ ಮೊದಲನೆಯದಕ್ಕೆ ಮೀಟಿನ ಬಲವಿದೆ. ಕೊನೆಯದು ಬರುವ ಹೊತ್ತಿಗೆ ನಾದ ಆರುತ್ತಾ ಬಂದಿರುತ್ತದೆ. ರಾಗದ ಜೀವ ಇರುವುದು ಆ ಕೊನೆಯ ಎಳೆತದಲ್ಲಿ. ನಾಲ್ಕಡಿ ದೂರದ ಮೈಕಿಗೆ ಮೀಟು ಕೇಳುತ್ತದೆ, ಎಳೆತ ಫ್ಯಾನಿನ ಸದ್ದಿಗೆ ಬಲಿಯಾಗುತ್ತದೆ. ತಂತಿಗಳನ್ನು ಹೊತ್ತ ಕುದುರೆಗೆ ಗೇಣಿಗಿಂತ ಹತ್ತಿರ ತಂದರೆ ಉಗುರಿನ ಟಕ್ ಟಕ್ ಮಾತ್ರ. ಕೊಡದ ಮುಂದೆ ಒಂದು ಮೊಳ ದೂರ, ಮೀಟುವ ಕೈಯನ್ನು ಬಿಟ್ಟು ಮೆಟ್ಟಿಲುಗಳ ಕಡೆಗೆ ತುಸು ತಿರುಗಿಸಿದಾಗ ಹಲಸಿನ ಮರದ ದನಿ ಬರುತ್ತದೆ.

ನೆಲದ ಬಗ್ಗೆಯೂ ಎಚ್ಚರ ಬೇಕು. ಕೊಡವೂ ಮೈಕೂ ನೆಲದಿಂದ ಒಂದಡಿ ಮೇಲೆ, ನಡುವೆ ಒಂದು ಮೊಳ ಇದ್ದರೆ, ನೆಲಕ್ಕೆ ಬಡಿದು ಬರುವ ನಾದ ನೇರ ನಾದಕ್ಕಿಂತ ಒಂದಡಿ ಹೆಚ್ಚು ನಡೆದು ತಡವಾಗಿ ಸೇರುತ್ತದೆ. ಆಗ ಸುಮಾರು 560 ಹರ್ಟ್ಸ್ ಬಳಿ ಎರಡೂ ಒಂದನ್ನೊಂದು ತಿಂದು ವೀಣೆ ಟೊಳ್ಳಾಗುತ್ತದೆ. ನವಲಗುಂದದ ಜಮಖಾನ ಎಷ್ಟೇ ಚೆಂದವಿದ್ದರೂ ಈ ಕೆಲಸಕ್ಕೆ ತೆಳು. ಹತ್ತಿ ಹಾಸಿಗೆಯನ್ನೇ ಮಡಿಸಿ ನಡುವೆ ಹಾಕಿ.

ಫ್ಯಾನ್ ಆರಿಸಬೇಕು, ಪಕ್ಕದ ಕೋಣೆಯ ಫ್ರಿಜ್ಜನ್ನೂ. ಸ್ಕೂಟರಿನ ಕೀಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಮತ್ತೆ ಹಚ್ಚಲು ಮರೆಯುವುದಿಲ್ಲ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ವೀಡಿಯೊ ಕರೆಯ ಆ್ಯಪ್‌ಗಳು ಒಂದೇ ಸಮ ಬರುವ ಸದ್ದನ್ನು ಗದ್ದಲ ಎಂದು ತಿಳಿದು ಅಳಿಸುತ್ತವೆ. ತಂಬೂರಿ ಒಂದೇ ಸಮ ಮಿಡಿಯುವ ವಾದ್ಯ. ನ್ಯೂಜೆರ್ಸಿಯಲ್ಲಿರುವ ನನ್ನ ಶಿಷ್ಯೆ ಶ್ರುತಿ ಹಾಕಿಕೊಂಡೇ ಹಾಡುತ್ತಾಳೆ, ನನಗೆ ಶ್ರುತಿ ಅರೆಬರೆ ಬರುತ್ತಿತ್ತು. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆ ಹಾಕಿದ ಮೇಲೆ ತಂಬೂರಿ ತಿರುಗಿ ಬಂತು. ಅವಳ ಮನೆಯ ಜಿಪ್ಸಂ ಹಲಗೆಯ ಟೊಳ್ಳು ಗೋಡೆ ಮಂದ್ರವನ್ನೂ ನೆಲದ ಕಾರ್ಪೆಟ್ಟು ತಾರವನ್ನೂ ಹೀರುವುದರಿಂದ ಅವಳಿಗೆ ಕೌದಿಯ ಅಗತ್ಯವೇ ಬೀಳಲಿಲ್ಲ. ನಮ್ಮ ಇಟ್ಟಿಗೆ, ಕಾಂಕ್ರೀಟು ಮನೆಗಳಿಗೆ ಆ ಅನುಕೂಲ ಇಲ್ಲ.

ಇಷ್ಟೆಲ್ಲ ಬರೆಯಲು ಸ್ಪರ್ಧೆಗೆ ಹಾಡುವ ಮಕ್ಕಳಷ್ಟೇ ಕಾರಣವಲ್ಲ. ಸೋಬಾನೆ, ಲಾಲಿ, ಆರತಿ ಹಾಡು, ಬೀಸುವ ಪದ ಬಾಯಲ್ಲಿಟ್ಟುಕೊಂಡ ಹೆಂಗಸರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಮೊಮ್ಮಕ್ಕಳು ಪ್ರೀತಿಯಿಂದ ರೆಕಾರ್ಡ್ ಮಾಡುತ್ತಾರೆ. ಹಾಲ್‌ನಲ್ಲಿ, ಫ್ಯಾನಿನಡಿ, ಹತ್ತಡಿ ದೂರದಿಂದ. ಮುಖ ಕಾಣುತ್ತದೆ, ಪದ ಒಂದೂ ಹಿಡಿಯುವುದಿಲ್ಲ. ಅಂಥದನ್ನು ನನ್ನ ಬಳಿ ತಂದು “ಸಾಹಿತ್ಯ ಬರೆದುಕೊಡಿ ಮೇಡಂ” ಎಂದವರಿದ್ದಾರೆ. ಹಾಡಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿರುತ್ತಾರೆ. ಗೋಡೆಯ ಸದ್ದಿನೊಳಗೆ ಬೆರೆತು ಹೋದ ಮಾತನ್ನು ಪೂರ್ತಿಯಾಗಿ ಬಿಡಿಸಿಕೊಡುವ ಉಪಾಯ ನನ್ನಲ್ಲಿಲ್ಲ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಭಾನುವಾರವೇ ಮಲಗುವ ಕೋಣೆಯ ಮಂಚದ ಮೇಲೆ ಕೂರಿಸಿ, ಬೆನ್ನ ಹಿಂದೆ ಕೌದಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೊಬೈಲನ್ನು ಅವರ ಬಾಯಿಂದ ಒಂದು ಮೊಳ ದೂರದಲ್ಲಿ ದಿಂಬಿಗೆ ಒರಗಿಸಿ ಹಾಡಿಸಿ. ಅದನ್ನು ಕೂಡಲೇ ಹೆಡ್‌ಫೋನ್ ಹಾಕಿ ಕೇಳಿ. ಪ್ರತಿ ಪದ ಅರ್ಥವಾಗದಿದ್ದರೆ ಗೇಣಿಗೆ ತಂದು ಇನ್ನೊಮ್ಮೆ ಹಾಡಿಸಿ.